ಕೊನೆಗೌಡ ಕಟ್ಟಿದ ಆಂಟೆನಾ

ಸಾಗರ ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊನ್ನೆ ರಾಟೆ ಕೇಳಿದೆ. ‘ಬಾವಿ ಎಷ್ಟು ಆಳ?’ ಎಂದರು ಅಂಗಡಿಯವರು. ‘ನಲವತ್ತು ಅಡಿ, ಮೇಲಕ್ಕೆ’ ಎಂದೆ. ಅವರು ಕನ್ನಡಕದ ಮೇಲಿಂದ ಒಮ್ಮೆ ನೋಡಿ, ಮುಂದೆ ಏನನ್ನೂ ಕೇಳದೆ ರಾಟೆ ಕಟ್ಟಿಕೊಟ್ಟರು. ಹ್ಯಾಮ್ ರೇಡಿಯೋ ಹಚ್ಚಿಕೊಂಡವನ ಹಣೆಬರಹವೇ ಇದು. ಊರಿನವರ ಕಣ್ಣಿಗೆ ಅವನು ಜಪಾನಿನವರ ಜೊತೆ ಮಾತಾಡುವ ಮಹಾಶಯ. ಚೀಲ ಬಿಚ್ಚಿದರೆ ನೈಲಾನ್ ಹಗ್ಗ, ರಾಟೆ, ಪಿಂಗಾಣಿ ಇನ್ಸುಲೇಟರ್, ಅರ್ಧ ಮುಗಿದ ಟೇಪು.

ನಲವತ್ತು ಮೀಟರ್ ಬ್ಯಾಂಡಿನ ಡೈಪೋಲ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಸುಮಾರು 20 ಮೀಟರ್ ತಾಮ್ರದ ತಂತಿ. ಸರಿಯಾಗಿ ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಸಿದರಾಯಿತು. ಲೆಕ್ಕ ಹೈಸ್ಕೂಲಿನದು, ಕಷ್ಟವೆಲ್ಲ ಅದನ್ನು ಮೇಲೆ ನಿಲ್ಲಿಸುವುದರಲ್ಲಿ. ಬೆಂಗಳೂರಿನ ಮಿತ್ರರು ಕಬ್ಬಿಣದ ಟವರ್ ಎಬ್ಬಿಸಿ, ಸುತ್ತ ಗೈ ವೈರ್ ಬಿಗಿದು, ತುದಿಗೆ ರೋಟೇಟರ್ ಕೂರಿಸಿ, ಆಮೇಲೆ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿಗೆ ಸಮಜಾಯಿಷಿ ಬರೆಯುತ್ತ ಕೂರುತ್ತಾರೆ. ನನಗೆ ಆ ತಾಪತ್ರಯವಿಲ್ಲ. ಅಜ್ಜ ನೆಟ್ಟ ಅಡಿಕೆ ತೋಟವಿದೆ.

ತೋಟದ ತಾಪತ್ರಯ ಬೇರೆ. ಮಳೆಗಾಲದ ಗಾಳಿಗೆ ಈ ಮರ ತೆಂಕಕ್ಕೆ ವಾಲಿದರೆ ಆ ಮರ ಬಡಗಕ್ಕೆ ವಾಲುತ್ತದೆ. ನಡುವೆ ಬಿಗಿದ ತಂತಿ ಎಷ್ಟು ಹೊತ್ತು ತಾಳೀತು? ಮೊದಲ ಮಳೆಗಾಲದಲ್ಲೇ ಹರಿದು ಕಾಳುಮೆಣಸಿನ ಬಳ್ಳಿಯ ಮೇಲೆ ಬಿತ್ತು. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಬಂದು ನೋಡಿದ. ‘ಎರಡೂ ಕಡೆ ಬಿಗಿದರೆ ಹರಿಯದೆ ಏನು ಮಾಡುತ್ತದೆ? ಒಂದು ಕಡೆ ಸಡಿಲ ಬಿಡಿ’ ಎಂದ. ಮಿಕ್ಸಿ ಬಂದಮೇಲೆ ಕೆಲಸ ಕಳೆದುಕೊಂಡು ಕೊಟ್ಟಿಗೆಯಲ್ಲಿ ಬಿದ್ದಿದ್ದ ರುಬ್ಬುಗುಂಡನ್ನು ಹೊತ್ತು ತಂದ. ಕಾಲಿಗೆ ತಳೆ ಹಾಕಿ, ಹಗ್ಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ನಾನು ಟೇಪಿನ ತುದಿ ಹುಡುಕುವಷ್ಟರಲ್ಲಿ ಮರದ ತಲೆಯಲ್ಲಿದ್ದ. ರಾಟೆ ಕಟ್ಟಿ, ತಂತಿಯ ಕೊನೆಯ ಹಗ್ಗವನ್ನು ಅದರ ಮೇಲಿಂದ ಇಳಿಬಿಟ್ಟು, ಕೆಳಗೆ ಬಂದು, ಗುಂಡಿನ ಹಿಡಿ ಕೂರುವ ತೂತಿಗೆ ಗೂಟ ಹೊಡೆದು, ಗೂಟಕ್ಕೆ ಹಗ್ಗ ಬಿಗಿದ. ಗಾಳಿ ಬಂತು. ಮರಗಳು ದೂರ ಸರಿದವು, ಗುಂಡು ಒಂದು ಗೇಣು ಮೇಲೆ ಹೋಯಿತು. ಮರಗಳು ಹತ್ತಿರ ಬಂದವು, ಗುಂಡು ಕೆಳಗೆ ಬಂತು. ತಂತಿ ತೊಟ್ಟಿಲ ಹಗ್ಗದಂತೆ ನೆಮ್ಮದಿಯಾಗಿತ್ತು. ಮರಕ್ಕೆ ಆಂಟೆನಾ ಕಟ್ಟುವವರಿಗೆ ಹ್ಯಾಮ್ ಪುಸ್ತಕಗಳು ಹೇಳುವ ಉಪಾಯವೂ ಇದೇ. ಅವನು ಆ ಪುಸ್ತಕಗಳನ್ನು ನೋಡಿದವನಲ್ಲ.

ಆ ಗುಂಡು ಏರಿಳಿಯುವುದನ್ನು ನೋಡುವಾಗ ನನಗೆ ನೆನಪಾಗುವುದು ರೇಡಿಯೋದ ಮಾರ್ಕೋನಿಯಲ್ಲ, ಅವನ ಸಹಾಯಕ ಜಾರ್ಜ್ ಕೆಂಪ್. ಬ್ರಿಟಿಷ್ ನೌಕಾಪಡೆಯಲ್ಲಿ ದುಡಿದು ಬಂದ ಆಳು. ಹಗ್ಗ, ಗಂಟು, ಕಂಬ ಎಂದರೆ ಅಂಗೈ ಮೇಲಿನ ನೆಲ್ಲಿ. 1901ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಪೋಲ್ಡುವಿನಲ್ಲಿ, ಸಾಗರದಾಚೆಗೆ ಸಂಕೇತ ಕಳಿಸಲೆಂದು ಮಾರ್ಕೋನಿ ವೃತ್ತಾಕಾರವಾಗಿ ನಿಲ್ಲಿಸಿದ್ದ 200 ಅಡಿ ಎತ್ತರದ 20 ಕಂಬಗಳು ಬಿರುಗಾಳಿಗೆ ಒಟ್ಟಿಗೆ ಮಲಗಿಬಿಟ್ಟವು. ಸಾಗರದಾಚೆಯ ನ್ಯೂಫೌಂಡ್‌ಲ್ಯಾಂಡಿಗೆ, ಸಿಗ್ನಲ್ ಹಿಲ್ ಎಂಬ ಗುಡ್ಡಕ್ಕೆ, ಮಾರ್ಕೋನಿ ಬಂದಾಗ ಕಂಬದ ಮಾತೇ ಇರಲಿಲ್ಲ. ಜೊತೆಗೆ ಕೆಂಪ್, ಪ್ಯಾಜೆಟ್ ಎಂಬ ಇಬ್ಬರು ಸಹಾಯಕರು, ಒಂದಿಷ್ಟು ಬಲೂನು, ಒಂದಿಷ್ಟು ಗಾಳಿಪಟ. ಡಿಸೆಂಬರ್ 11ಕ್ಕೆ ಬಲೂನು ಗಾಳಿಯ ಪಾಲಾಯಿತು. 12ಕ್ಕೆ ಮೊದಲ ಪಟವೂ ಕಿತ್ತುಕೊಂಡು ಹೋಯಿತು. ಎರಡನೆಯದು 500 ಅಡಿ ತಂತಿ ಹೊತ್ತು ನಿಂತಿತು. ನಿಂತಿತು ಎಂದರೆ ಎಲ್ಲಿ ನಿಂತಿತು? ಏರಿತು, ಇಳಿಯಿತು, ಕುಣಿಯಿತು. ತಂತಿಯ ಎತ್ತರ ಬದಲಾದಂತೆಲ್ಲ ಶ್ರುತಿಯೂ ಬದಲಾಗುತ್ತದೆ. ಹಾಗಾಗಿ ಮಾರ್ಕೋನಿ ಶ್ರುತಿ ಕೂಡಿಸುವ ಒಳ್ಳೆಯ ಯಂತ್ರವನ್ನು ಪಕ್ಕಕ್ಕಿಟ್ಟು, ಶ್ರುತಿಯ ಗೊಡವೆಯೇ ಇಲ್ಲದ ಸಾದಾ ಯಂತ್ರಕ್ಕೆ ಇಯರ್‌ಫೋನ್ ಸಿಕ್ಕಿಸಿ ಕಿವಿಗೊಟ್ಟು ಕೂತ. ಮಧ್ಯಾಹ್ನ ಹನ್ನೆರಡೂವರೆಯ ಹೊತ್ತಿಗೆ ಪೋಲ್ಡುವಿನಿಂದ ಕಳಿಸುತ್ತಿದ್ದ ಮೂರು ಚುಕ್ಕಿ ಕೇಳಿಸಿತು, ಮೋರ್ಸ್ ಲಿಪಿಯ ‘ಎಸ್’. ಇಯರ್‌ಫೋನನ್ನು ಕೆಂಪ್‌ನ ಕೈಗಿತ್ತ. ಅವನೂ ಕೇಳಿದ.

ಹಾಡುಹಗಲಿನಲ್ಲಿ ಆ ತರಂಗ ಅಷ್ಟು ದೂರ ಬರುವುದು ಸಾಧ್ಯವಿಲ್ಲ, ಕೇಳಿಸಿದ್ದು ವಾತಾವರಣದ ಗರಗರ ಇರಬೇಕು ಎಂದು ಈಗ ಕೆಲವು ತಜ್ಞರು ವಾದಿಸುತ್ತಾರೆ. ಇರಲಿ ಬಿಡಿ. ಚುಕ್ಕಿ ಕೇಳಿಸಿದ್ದರ ಬಗ್ಗೆ ತಕರಾರಿರಬಹುದು, ಪಟ ಹಾರಿದ್ದರ ಬಗ್ಗೆ ಇಲ್ಲ. 1909ರಲ್ಲಿ ಮಾರ್ಕೋನಿಗೆ, ಬ್ರೌನ್ ಜೊತೆ ಹಂಚಿಕೊಂಡು, ನೊಬೆಲ್ ಬಂತು. ಗಾಳಿಪಟದ ದಾರ ಹಿಡಿದವರಿಗೆ ನೊಬೆಲ್ ಕೊಡುವ ಪದ್ಧತಿ ಸ್ವೀಡನ್ನಿನಲ್ಲಿ ಇಲ್ಲ.

ಜಪಾನಿನಲ್ಲೂ ಇದೇ ಕಥೆ. 1926ರಲ್ಲಿ ಸೆಂದಾಯಿಯ ವಿಶ್ವವಿದ್ಯಾಲಯದಲ್ಲಿ, ಸಾಲಾಗಿ ಕಡ್ಡಿ ಜೋಡಿಸಿ ಒಂದೇ ದಿಕ್ಕಿಗೆ ಕಿವಿಗೊಡುವ ಆಂಟೆನಾದ ಮೇಲೆ ಮೈಮುರಿದು ದುಡಿದವರು ಶಿಂತಾರೊ ಉದಾ. ಅದನ್ನು ಇಂಗ್ಲಿಷಿನಲ್ಲಿ ಲೋಕಕ್ಕೆ ತಿಳಿಸಿದವರು ಅವರ ಪ್ರೊಫೆಸರ್ ಯಾಗಿ. ಲೋಕ ಅದನ್ನು ಯಾಗಿ ಎಂದಿತು, ಈಗಲೂ ಹಾಗೇ ಎನ್ನುತ್ತದೆ. ದೂರದರ್ಶನದ ಕಾಲದಲ್ಲಿ ನಮ್ಮ ಮನೆಯ ಹೆಂಚಿನ ಮೇಲೂ ಒಂದು ಯಾಗಿ ಇತ್ತು. ಭಾನುವಾರ ಪರದೆಯಲ್ಲಿ ಸಾಸಿವೆ ಉದುರತೊಡಗಿದರೆ ತಮ್ಮ ಏಣಿ ಹತ್ತುತ್ತಿದ್ದ. ‘ಬಂತಾ?’ ಎಂದು ಮೇಲಿನಿಂದ, ‘ಚೂರು ಎಡಕ್ಕೆ’ ಎಂದು ಕೆಳಗಿನಿಂದ. ಚಿತ್ರ ಬಂದಮೇಲೆ ಮೇಲಿದ್ದವನನ್ನು ಎಲ್ಲರೂ ಮರೆಯುತ್ತಿದ್ದರು. ಸೀರಿಯಲ್ ಮುಗಿದಾಗ ಲೈಟ್ ಬಾಯ್‌ವರೆಗೆ ಹೆಸರು ಬರುತ್ತಿತ್ತು, ತಮ್ಮನದು ಬರುತ್ತಿರಲಿಲ್ಲ.

ಕಟ್ಟುವುದಾದರೂ ಒಂದು ದಿನದ ಕೆಲಸ, ಸಾಕುವುದು ವರ್ಷಪೂರ್ತಿಯದು. ಕೇಬಲ್ ಸೇರುವ ಗಂಟಿನಲ್ಲಿ ನೀರಿಳಿಯುತ್ತದೆ, ನೀರು ಬಿಟ್ಟ ಕಡೆ ಇರುವೆ ಸಂಸಾರ ಹೂಡುತ್ತದೆ. ನೆನೆದ ಸೋಗೆ ತಂತಿಗೆ ಒರಗಿದರೆ ಹೊಂದಾಣಿಕೆ ತಪ್ಪಿ ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಮೇಲೇಳುತ್ತದೆ. ಗುಡುಗು ಕೇಳಿದರೆ ಕೇಬಲ್ ಕಿತ್ತು ಕಿಟಕಿಯಾಚೆ ಎಸೆಯಬೇಕು. ಸಾಲದ್ದಕ್ಕೆ ಅಡಿಕೆಯ ಕೊಳೆರೋಗದ ಔಷಧಿ. ಮೈಲುತುತ್ತ, ಸುಣ್ಣದ ಬೋರ್ಡೋ ದ್ರಾವಣ ಕೊನೆಗೆ ಬೀಳುವಷ್ಟೇ ತಂತಿಗೂ ಬಿದ್ದು, ಇನ್ಸುಲೇಟರಿನ ಮೇಲೆ ನೀಲಿ ಹೆಕ್ಕಳೆ ಕಟ್ಟುತ್ತದೆ. ಮಲೆನಾಡಿಗೆ ಈ ಔಷಧಿ ಹೊಡೆಯುವುದನ್ನು ರೂಢಿ ಮಾಡಿಸಿದವರು ಮೈಸೂರು ಸರ್ಕಾರದ ಕೃಷಿ ಇಲಾಖೆಗೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ದೊಡ್ಡ ಉಪಕಾರ, ಅನುಮಾನವಿಲ್ಲ. ಹೇಳಿದವರು ಕೋಲ್ಮನ್, ಸುರಿಯುವ ಮಳೆಯ ನಡುವೆ, ಜಾರುವ ಮರಗಳನ್ನು ಹತ್ತಿ ಹೊಡೆದವರು ಇದೇ ಕೊನೆಗೌಡನ ಅಜ್ಜಂದಿರು.

ಹ್ಯಾಮ್‌ಗಳು ಒಮ್ಮೆ ಮಾತಾಡಿದರೆ ಗುರುತಿಗೆ ಕ್ಯೂಎಸ್‌ಎಲ್ ಕಾರ್ಡು ಕಳಿಸಿಕೊಳ್ಳುತ್ತೇವೆ. ಅದರಲ್ಲಿ ದಿನಾಂಕ, ಸಮಯ, ಫ್ರೀಕ್ವೆನ್ಸಿ, ಸಿಗ್ನಲ್ ಹೇಗಿತ್ತು, ಟ್ರಾನ್ಸ್‌ಮಿಟರ್ ಯಾವುದು, ಆಂಟೆನಾ ಯಾವುದು ಎಂದೆಲ್ಲ ಕಾಲಂ ಇರುತ್ತವೆ. ಕಟ್ಟಿದವರು ಯಾರು ಎಂಬ ಕಾಲಂ ಇಲ್ಲ. ಈಚೆಗೆ ನಾನು ಆಂಟೆನಾ ಎಂಬಲ್ಲಿ ‘ಡೈಪೋಲ್, ಕೊನೆಗೌಡ’ ಎಂದು ಬರೆಯತೊಡಗಿದ್ದೇನೆ. ಜಪಾನಿನ ಒಬ್ಬರು ಬಹಳ ವಿನಯದಿಂದ ವಾಪಸು ಕೇಳಿದರು: ನಿಮ್ಮ ಸಿಗ್ನಲ್ ಚೆನ್ನಾಗಿತ್ತು, ಈ ಕೊನೆಗೌಡ ಯಾವ ಕಂಪನಿ, ಎಲ್ಲಿ ಸಿಗುತ್ತದೆ?

ಕಾರ್ಡನ್ನು ಅವನಿಗೇ ಓದಿ ಹೇಳಿದೆ. ಕವಳ ಉಗಿದು ಬಂದು, ‘ಕೊಯ್ಲಿನ ಟೈಮಲ್ಲಿ ಎಲ್ಲೂ ಸಿಗೋದಿಲ್ಲ ಅಂತ ಬರೀರಿ’ ಎಂದ.