ಮೆಲ್ಲಗೆ ಹೊರಳುವ ಮೈ

ಕುರ್ಚಿಯ ಅಂಚಿಗೆ ಕೂತು, ಸಲೀಸಾಗಿ ಆಗುವಷ್ಟೇ ಬಲಕ್ಕೆ ಹೊರಳಿ, ನೋಟ ಗೋಡೆಯ ಮೇಲೆ ಎಲ್ಲಿ ನಿಂತಿತೆಂದು ಗುರುತಿಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅದು ಕ್ಯಾಲೆಂಡರಿನ ಮೊಳೆ. ಆಮೇಲೆ ಮೈ ಬಲಕ್ಕೆ ಹೊರಳುವಾಗ ಕಣ್ಣನ್ನು ಮಾತ್ರ ಎಡಕ್ಕೆ ಒಯ್ಯಿರಿ. ಅವಸರ ಬೇಡ, ಉಸಿರು ಬಿಗಿಹಿಡಿಯುವುದು ಬೇಡ. ನಾಲ್ಕಾರು ಸಲ ಹೀಗೆ ಮಾಡಿ, ಸುಮ್ಮನೆ ಕೂತು, ಮತ್ತೆ ಮೊದಲಿನಂತೆ ಹೊರಳಿದರೆ ನೋಟ ಬಹುಮಟ್ಟಿಗೆ ಆ ಮೊಳೆಯನ್ನು ದಾಟಿರುತ್ತದೆ. ಅಷ್ಟರಲ್ಲಿ ಯಾವ ಸ್ನಾಯುವೂ ಬಲಿತಿಲ್ಲ. ಮೈ ತನ್ನದೇ ಒಂದು ಬಿಗಿತವನ್ನು ಬಿಟ್ಟುಕೊಟ್ಟಿದೆ. ಆ ಕ್ಷಣದ ಸುಖವನ್ನು ನಾನು ಎಷ್ಟು ಸಲ ಸವಿದರೂ ದಣಿಯೆ.

ಈ ಬಗೆಯ ಪಾಠಗಳನ್ನು ಕಟ್ಟಿದವನು ಮೋಶೆ ಫೆಲ್ಡೆನ್‌ಕ್ರೈಸ್ (1904–1984). ಭೌತವಿಜ್ಞಾನಿ, ಜೂಡೋ ಪಟು. ಫುಟ್‌ಬಾಲ್ ಆಡುತ್ತ ಮಂಡಿ ಕೆಡಿಸಿಕೊಂಡವನು ಶಸ್ತ್ರಚಿಕಿತ್ಸೆ ಒಲ್ಲೆನೆಂದು ತನ್ನ ನಡಿಗೆಯನ್ನೇ ಅಭ್ಯಾಸಕ್ಕೆ ಎತ್ತಿಕೊಂಡ. ಅವನ ಪಾಠಗಳು ಅಷ್ಟು ನಿಧಾನವಾಗಿರುವುದಕ್ಕೆ ಕಾರಣವಿದೆ. ಐವತ್ತು ಕಿಲೋ ಅಕ್ಕಿಮೂಟೆ ಹೊತ್ತವನಿಗೆ ಒಂದು ಹಿಡಿ ಹೆಚ್ಚಾದರೆ ತಿಳಿಯದು. ಬೊಗಸೆಯಲ್ಲಿ ಹಿಡಿದವನಿಗೆ ತಿಳಿಯುತ್ತದೆ. ಜರ್ಮನಿಯ ವಿಜ್ಞಾನಿ ವೇಬರ್ ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದ ಸಂಗತಿಯಿದು. ಶ್ರಮ ಕಡಿಮೆಯಾದಷ್ಟೂ ವ್ಯತ್ಯಾಸ ತಿಳಿಯುವ ಶಕ್ತಿ ಹೆಚ್ಚು.

ನಮ್ಮ ಶಾಲೆಗಳ ಪಿ.ಟಿ. ಪೀರಿಯಡ್ಡಿಗೆ ಬೇಕಾದ್ದು ಇದೇ ಎನಿಸುತ್ತದೆ ನನಗೆ. ಸೀಟಿ ಊದಿದೊಡನೆ ಎತ್ತರದ ಪ್ರಕಾರ ಸಾಲು, ಮೈದಾನಕ್ಕೆ ಸುತ್ತು, ಮೊದಲು ಬಂದವರಿಗೆ ಭೇಷ್. ಏದುಸಿರು ಬಿಡುತ್ತ ಕೊನೆಗೆ ಬಂದ ಹುಡುಗಿ ತನ್ನ ಮೈಯ ಬಗ್ಗೆ ಕಲಿತದ್ದು ಒಂದೇ: ಅದು ಸಾಲದು. ಓಟ, ಖೊಖೊ, ಕಬಡ್ಡಿ ಬೇಡವೆಂದಲ್ಲ. ಮಕ್ಕಳಿಗೆ ಬೆವರು ಬೇಕೇ ಬೇಕು. ಆದರೆ ಜೂನ್ 21ರ ಯೋಗ ದಿನದಂದು ಯೋಗವನ್ನೂ ಎಣಿಕೆಗೆ ಒಪ್ಪಿಸಿ, ಯಾರ ಬೆನ್ನು ಎಷ್ಟು ಬಾಗಿತು ಎಂದಷ್ಟೇ ನೋಡುವಾಗ ನೋವಾಗುತ್ತದೆ. ಬಾಗುವಾಗ ಉಸಿರು ಎಲ್ಲಿ ಸಿಕ್ಕಿಕೊಂಡಿತು ಎಂದು ಬಾಗಿದ ಮಗುವನ್ನೇ ಕೇಳಬಹುದಲ್ಲ.

ಲಾಂಗ್ ಜಂಪಿನ ಮರಳಗುಂಡಿಯ ಬಳಿ ಟೇಪು ಹಿಡಿದು ನಿಂತ ಮೇಷ್ಟ್ರು ಅಳತೆ ಕೂಗುವ ಮೊದಲು ಹೀಗೆ ಕೇಳಲಿ: "ನೆಗೆಯುವಾಗ ಯಾವ ಕಾಲು ನೆಲ ಒತ್ತಿತಪ್ಪಾ? ದವಡೆ ಕಚ್ಚಿಕೊಂಡಿದ್ದೆಯಾ?" ಹುಡುಗ ಮೊದಲ ಸಲ ತಬ್ಬಿಬ್ಬಾದಾನು. ಎರಡನೆಯ ಸಲ ಉತ್ತರ ಹುಡುಕಿಕೊಂಡೇ ಓಡಿ ಬರುತ್ತಾನೆ.