ಹೂವಿನ ಬೆನ್ನು

ಚೇಳೂರು ಅಂದ ಕೂಡಲೆ ಗುಬ್ಬಿ ಸೀಮೆಯವರಿಗೆ ನೆನಪಾಗುವುದು ಹಲಸು. ಹಣ್ಣಿನ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ತಟ್ಟಿ, ಮೂಸಿ, ಒಳಗಿನ ತೊಳೆ ಎಂಥದ್ದೆಂದು ಹೇಳಿಬಿಡುವವರು ಇಲ್ಲಿದ್ದಾರೆ. ಇಲ್ಲಿಯದೇ ಒಂದು ತೋಟದ ಕೆಂಪು ತೊಳೆಯ ಮರ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕಣ್ಣಿಗೆ ಬಿದ್ದು, ‘ಸಿದ್ದು’ ಎಂಬ ತಳಿಯಾಗಿ ನಾಡೆಲ್ಲ ತಿರುಗಿತು. ಒಂದು ಮರ ಇನ್ನೊಂದರಂತಲ್ಲ ಎಂದು ಬಲ್ಲ ಊರು ಇದು. ಆದರೆ ಅದೇ ತೋಟಗಳ ಬೇಲಿಗೆ ಹಬ್ಬುವ ಮಾರ್ನಿಂಗ್ ಗ್ಲೋರಿಗಳಿಗೆಲ್ಲ ಸೇರಿ ಇಲ್ಲಿರುವುದು ಒಂದೇ ಹೆಸರು, ಹಂಬು. ನನ್ನ ಹುಚ್ಚೆಲ್ಲ ಆ ಹಂಬುಗಳದ್ದು.

ಗಣೇಶನ ಹಬ್ಬದಿಂದ ಕಾರ್ತಿಕದವರೆಗೆ, ಬಿಸಿಲೇರುವ ಮುಂಚೆ ಬೇಲಿ ಸುತ್ತಬೇಕು. ತಡವಾಗಿ ಎದ್ದವರಿಗೆ ಸಿಗುವುದು ಮುದುಡಿದ ಹೂ ಮಾತ್ರ. ಎದುರಿನಿಂದ ನೋಡಿದರೆ ಎಲ್ಲವೂ ಒಂದೇ ಆಲಿಕೆ. ಐದು ದಳ ಬೆಸೆದು ಒಂದೇ ಆಗಿರುವುದರಿಂದ ಅಲ್ಲಿ ಗುರುತು ಹಿಡಿಯಲು ಹೆಚ್ಚೇನೂ ಉಳಿದಿಲ್ಲ. ಹೂವನ್ನು ಮೆಲ್ಲಗೆ ತಿರುಗಿಸಿ ಬೆನ್ನು ನೋಡಬೇಕು. ತೊಟ್ಟಿನ ಮೇಲೆ ಹೂವನ್ನು ಹಿಡಿದು ನಿಂತ ಐದು ಹಸಿರು ಪುಷ್ಪಪತ್ರಗಳಲ್ಲಿ ಕುಲಗೋತ್ರವೆಲ್ಲ ಬರೆದಿರುತ್ತದೆ.

ಐಪೋಮಿಯ ನಿಲ್ ಎಂಬ ನೀಲಿ ಹೂವಿನದ್ದನ್ನು ನೋಡಿ. ಅದರ ಪುಷ್ಪಪತ್ರ ಸುಮಾರು ಎರಡು ಸೆಂಟಿಮೀಟರ್ ಉದ್ದ, ಬುಡದಲ್ಲಿ ಒರಟು ರೋಮ, ಅಲ್ಲಿಂದ ಸಣ್ಣಗಾಗುತ್ತ ದಾರದಂಥ ತುದಿ. ಐಪೋಮಿಯ ಪರ್ಪ್ಯೂರಿಯದ್ದು ಗಿಡ್ಡ. ಒಂದೂವರೆ ಸೆಂಟಿಮೀಟರ್ ದಾಟುವುದೇ ಅಪರೂಪ, ತುದಿ ಥಟ್ಟನೆ ಮೊನಚು. ಇವೆರಡೂ ಒಂದು ವರ್ಷದ ಬಾಳಿನವು. ಐಪೋಮಿಯ ಇಂಡಿಕ ವರ್ಷಗಟ್ಟಲೆ ಬಾಳುವ ಬಳ್ಳಿ. ಅದರ ರೋಮ ನೆಟ್ಟಗೆ ನಿಲ್ಲದೆ ಒತ್ತಿಕೊಂಡು ಮಲಗಿರುತ್ತದೆ, ಕಾಯಿ ಕಟ್ಟುವುದು ಕಡಿಮೆ. ಅಮೆರಿಕದ ಐಪೋಮಿಯ ಹೆಡೆರೇಸಿಯದಲ್ಲಿ ಪುಷ್ಪಪತ್ರದ ತುದಿ ಹೊರಕ್ಕೆ ಬಾಗಿ ಸುರುಳಿಗೊಳ್ಳುತ್ತದೆ. ಹೂಕರ್ ಸಂಪಾದಿಸಿದ ಬ್ರಿಟಿಷ್ ಇಂಡಿಯಾದ ಸಸ್ಯಗ್ರಂಥದಲ್ಲಿ ನಮ್ಮ ‘ನಿಲ್’ ಬಳ್ಳಿಗೆ ಹೆಡೆರೇಸಿಯ ಎಂಬ ಹೆಸರೇ ಇತ್ತು. ಅಂಥವರಿಗೇ ತಿಣುಕಾಟವಾದ ಮೇಲೆ ಬೇಲಿಯ ಬುಡದಲ್ಲಿ ಭೂತಗನ್ನಡಿ ಹಿಡಿದು ಕೂರಲು ನನಗೇಕೆ ನಾಚಿಕೆ?

ಎಲೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನಿಲ್‌ಗೆ ಮೂರು ಹಾಲೆ, ಪರ್ಪ್ಯೂರಿಯಕ್ಕೆ ಹೃದಯದಾಕಾರ ಎಂದು ಪುಸ್ತಕದಲ್ಲಿರುತ್ತದೆ. ಬಳ್ಳಿ ಪುಸ್ತಕ ಓದಿರುವುದಿಲ್ಲ. ಒಂದೇ ಕಾಂಡದ ಮೇಲೆ ಎರಡು ಬಗೆಯ ಎಲೆಯನ್ನೂ ಬಿಡುತ್ತದೆ. ಬಣ್ಣವನ್ನಂತೂ ನಂಬಲೇಬಾರದು. ಬೆಳಿಗ್ಗೆ ನೀಲಿಯಿದ್ದದ್ದು ಬಾಡುವ ಹೊತ್ತಿಗೆ ಕೆನ್ನೇರಳೆ. ಐಪೋಮಿಯ ಟ್ರೈಕಲರ್‌ನ ಕೆಂಪು ಮೊಗ್ಗು ನೀಲಿಯಾಗಿ ಅರಳುವ ಗುಟ್ಟನ್ನು ಜಪಾನಿನ ವಿಜ್ಞಾನಿಗಳು 1995ರಲ್ಲಿ ತೋರಿಸಿಕೊಟ್ಟರು. ದಳದ ಜೀವಕೋಶದೊಳಗಿನ ರಸದ ಪಿ.ಎಚ್. 6.6ರಿಂದ 7.7ಕ್ಕೆ ಏರುತ್ತದೆ. ವರ್ಣದ್ರವ್ಯ ಅದೇ, ಹುಳಿ ಕಡಿಮೆಯಾಯಿತು, ಅಷ್ಟೆ. ಜಪಾನಿಯರಿಗೆ ಈ ಹೂವಿನ ಮೋಹ ಹಳೆಯದು. ಚೀನಾದಿಂದ ಔಷಧಿಯಾಗಿ ಹೋದ ನಿಲ್ ಬಳ್ಳಿಯನ್ನು ಅವರು ‘ಅಸಗಾವೊ’ ಎಂದು ಕರೆದು, ನೂರಾರು ರೂಪಗಳಲ್ಲಿ ಬೆಳೆಸಿದರು. ಟೋಕಿಯೊದ ಇರಿಯಾದಲ್ಲಿ ಪ್ರತಿ ಜುಲೈ 6ರಿಂದ 8ರವರೆಗೆ ಅದಕ್ಕೆಂದೇ ಜಾತ್ರೆ. ನಮ್ಮಲ್ಲಿ ಅದನ್ನು ಕುಡುಗೋಲಿನಿಂದ ಸವರುತ್ತಾರೆ.

ಕೆಂಪು ಹೂಗಳಲ್ಲಿ ಅಷ್ಟು ಪೇಚಾಟವಿಲ್ಲ. ಕಾಮಲತೆಯ ಎಲೆ ಬಾಚಣಿಗೆಯ ಹಲ್ಲು, ಹೆಡೆರಿಫೋಲಿಯದ್ದು ಅಗಲ, ಮಕ್ಕಳೂ ಹೇಳುತ್ತಾರೆ. ಕಷ್ಟ ಕೊಡುವುದು ಕಿರಿಯ ಹಳದಿಗಳು. ಕೆನೆಹಳದಿಯ ಐಪೋಮಿಯ ಅಬ್‌ಸ್ಕ್ಯೂರದ ಗಂಟಲಲ್ಲಿ ಸಾಮಾನ್ಯವಾಗಿ ನೇರಳೆ ಕಣ್ಣು ಇರುತ್ತದೆ. ಆ ಕಣ್ಣು ಮಸುಕಾಗಿದ್ದರೆ ಮೆರೆಮಿಯದ ಸೋದರಿಯರೊಡನೆ ಗೊಂದಲ ಶುರು. ಆಗ ಪರಾಗಕ್ಕೇ ಹೋಗಬೇಕು. ಸೂಕ್ಷ್ಮದರ್ಶಕದಡಿ ಐಪೋಮಿಯದ ಪರಾಗಕ್ಕೆ ಮೈತುಂಬ ಮುಳ್ಳು, ಮೆರೆಮಿಯದ್ದು ನುಣುಪು. ಸೂಕ್ಷ್ಮದರ್ಶಕ ಬೇಲಿಯ ಬಳಿಗೆ ಬರುವುದಿಲ್ಲವಾದ್ದರಿಂದ ಹೂವೇ ಮನೆಗೆ ಬರುತ್ತದೆ, ಬೆಂಕಿಪೊಟ್ಟಣದಲ್ಲಿ.

ಪುಸ್ತಕ ಬೇಕೆನ್ನುವವರಿಗೆ ಪಕ್ಕದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಬಗ್ಗೆ ಸಲ್ಡಾನ ಮತ್ತು ನಿಕೊಲ್ಸನ್ 1976ರಲ್ಲಿ ಹೊರತಂದ ಗ್ರಂಥವಿದೆ, ದಪ್ಪ, ಇಂಗ್ಲಿಷು. ಅದೇ ವರ್ಷ ಬಂದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಗುರುತಿನ ಕೈಪಿಡಿಯಲ್ಲ, ಆದರೆ ಗಿಡ ನೋಡುವ ಚಪಲ ಹತ್ತಿಸುವುದಕ್ಕೆ ಅದಕ್ಕಿಂತ ಒಳ್ಳೆಯದು ಕನ್ನಡದಲ್ಲಿಲ್ಲ ಎಂಬುದು ನನ್ನ ಅಂಬೋಣ.

ಸಂಕ್ರಾಂತಿಗೆ ಬೇಯಿಸುವ ಗೆಣಸು ಕೂಡ ಐಪೋಮಿಯವೇ ಎಂದು ಪಕ್ಕದ ತೋಟದಣ್ಣನಿಗೆ ಹೇಳಿದೆ.

“ಹಂಗಾರೆ ಈ ಹಂಬ್ನಾಗೂ ಗೆಡ್ಡೆ ಬಿಡ್ತದಾ ಮೇಷ್ಟ್ರೇ?”

“ಇಲ್ಲ ಕಣಣ್ಣ. ಆದ್ರೆ ಕಾಯಿ ಕಟ್ಟೋ ತನಕ ಇದನ್ನ ಸವರಬೇಡ.”

ಕಾರಣವಿತ್ತು. ನಿಲ್ ಮತ್ತು ಪರ್ಪ್ಯೂರಿಯದ ಕಾಯಿಗೆ ಮೂರು ಕೋಣೆ, ಹೆಚ್ಚೆಂದರೆ ಆರು ಬೀಜ. ಅಬ್‌ಸ್ಕ್ಯೂರದಂಥವಕ್ಕೆ ಎರಡು ಕೋಣೆ, ನಾಲ್ಕು ಬೀಜ. ಹೂ ಬಾಡಿದ ಮೇಲೂ ಗುರುತಿಗೆ ಇದು ಸಾಕು.

“ಕಾಯಿ ಒಡುದ್ರೆ ಬರೋ ವರ್ಷ ಅಡಿಕೆ ಸಸಿಗೆಲ್ಲ ಸುತ್ಕಂತದೆ. ಬಂದ್ ಬಿಡುಸ್ತೀರಾ?”

ಆ ಮಾತು ನ್ಯಾಯವೇ. ಕಾಯಿ ಒಣಗಿ ಸಿಡಿಯುವ ಮುಂಚೆ ನಾನೇ ಬಿಡಿಸಿಕೊಂಡು ಹೋಗುವುದೆಂದು ಒಪ್ಪಂದವಾಗಿದೆ.