ಆಡಲು ಹೋದವರು

1

ಜೀವ ಉಳಿಸಿಕೊಳ್ಳುವವರ ಸಿನಿಮಾಗಳನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆಯುತ್ತೇನೆ. ಆಟ ಗೆಲ್ಲುವವರ ಸಿನಿಮಾಗಳನ್ನು ಬಲಪುಟದಲ್ಲಿ. ಕೆಲವು ಹೆಸರು ಎರಡೂ ಕಡೆ ಬರುತ್ತಿವೆ.

2

1972ರ ಅಕ್ಟೋಬರ್ 13ರಂದು ಆಂಡಿಸ್ ಪರ್ವತದಲ್ಲಿ ಬಿದ್ದ ಉರುಗ್ವೆಯ ವಿಮಾನದಲ್ಲಿ ರಗ್ಬಿ ತಂಡವಿತ್ತು. 2018ರಲ್ಲಿ ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಯಲ್ಲಿ ಸಿಕ್ಕಿಕೊಂಡದ್ದು ಫುಟ್‌ಬಾಲ್ ತಂಡ. 'ಮಂಜುಮ್ಮೆಲ್ ಬಾಯ್ಸ್'ನ (2024) ಹುಡುಗರು ಊರಲ್ಲಿ ಹಗ್ಗಜಗ್ಗಾಟ ಆಡುವವರು. 'ಕಾಸ್ಟ್ ಅವೇ'ಯಲ್ಲಿ (2000) ತಂಡವಿಲ್ಲ, ಒಬ್ಬನೇ ಮನುಷ್ಯ. ಅವನ ಜೊತೆಗಾರ ಒಂದು ವಾಲಿಬಾಲ್.

3

'ಆಲ್ ಈಸ್ ಲಾಸ್ಟ್' (2013). ನಡುಸಮುದ್ರದಲ್ಲಿ ಹಾಯಿದೋಣಿಗೆ ಒಂದು ಕಂಟೇನರ್ ಬಂದು ಬಡಿಯುತ್ತದೆ. ಅದರ ತುಂಬ ಶೂಗಳು.

4

ಆಂಡಿಸ್ ಅಪಘಾತದ ಮೇಲೆ ಬಂದ ಸಿನಿಮಾಗಳಲ್ಲಿ ಎರಡನ್ನು ನೋಡಿದ್ದೇನೆ. ವಿಮಾನದಲ್ಲಿ 45 ಜನ. 72 ದಿನಗಳ ನಂತರ ಉಳಿದವರು 16. 'ಅಲೈವ್' (1993) ಉಳಿದವರ ಕಥೆ ಹೇಳುತ್ತದೆ. ಅದರಲ್ಲಿ ಸತ್ತವರ ಪೈಕಿ ಹಲವರ ಹೆಸರು ಬದಲಾಗಿದೆ. 'ಸೊಸೈಟಿ ಆಫ್ ದಿ ಸ್ನೋ'ದಲ್ಲಿ (2023) ಸತ್ತವರ ನಿಜವಾದ ಹೆಸರು, ವಯಸ್ಸು ಪರದೆಯ ಮೇಲೆ ಬರುತ್ತವೆ. ಕಥೆ ಹೇಳುವವನು ನುಮಾ ತುರ್ಕಾತ್ತಿ. ರಗ್ಬಿ ತಂಡದವನಲ್ಲ, ಗೆಳೆಯರು ಕರೆದರೆಂದು ವಿಮಾನ ಹತ್ತಿದವನು. ಡಿಸೆಂಬರ್ 11ರಂದು ತೀರಿಕೊಂಡ. ಸತ್ತವರಲ್ಲಿ ಅವನೇ ಕೊನೆಯವನು.

ಮನೆ ಮುಟ್ಟದವನ ಬಾಯಲ್ಲಿ ಮನೆ ಮುಟ್ಟಿದವರ ಕಥೆ. ಈ ಕಾರಣಕ್ಕೇ ಎರಡನೆಯ ಸಿನಿಮಾ ನನಗೆ ದೊಡ್ಡದು. ಮೊದಲನೆಯದನ್ನು ಮತ್ತೆ ನೋಡಲು ಮನಸ್ಸಾಗಲಿಲ್ಲ.

5

ಹಿಮದ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಹುಡುಗರು ಕಾಕ್‌ಪಿಟ್ಟಿನ ಬಿಸಿಲುತಡೆ ಹಾಳೆ ಕತ್ತರಿಸಿ ಕನ್ನಡಕ ಮಾಡಿಕೊಂಡರು. ಸಣ್ಣ ರೇಡಿಯೋ ಇತ್ತು. ತಮ್ಮ ಹುಡುಕಾಟ ನಿಂತಿತೆಂಬ ಸುದ್ದಿಯನ್ನು ಅದರಲ್ಲೇ ಕೇಳಿದರು. ಸುದ್ದಿ ಕೇಳಬಲ್ಲರು, ಹೇಳಲಾರರು.

ಕೊನೆಗೆ ಇಬ್ಬರು ಬೆಟ್ಟ ದಾಟಿ ನಡೆದರು, ಹತ್ತು ದಿನ. ನದಿಯ ಆಚೆ ದಡದಲ್ಲಿ ದನಗಾಹಿ ಸೆರ್ಹಿಯೋ ಕತಲಾನ್ ಕಂಡ. ನೀರಿನ ಸದ್ದಿಗೆ ಮಾತು ಕೇಳುವುದಿಲ್ಲ. ಕಲ್ಲಿಗೆ ಕಾಗದ ಕಟ್ಟಿ, ಬರೆಯಲು ಪೆನ್ಸಿಲೂ ಸೇರಿಸಿ ಈಚೆಗೆ ಎಸೆದ. ಕಾಗದದಲ್ಲಿ ಉತ್ತರ ಬರೆದು ಅದೇ ರೀತಿ ಆಚೆಗೆ ಎಸೆದರು. ರಗ್ಬಿ ಆಡುವ ಕೈ.

6

'ಸೊಸೈಟಿ ಆಫ್ ದಿ ಸ್ನೋ'ದಲ್ಲಿ, ಬದುಕಿದವರ ಹೆಸರುಗಳನ್ನು ಒಬ್ಬ ತಂದೆ ಓದಿ ಹೇಳುತ್ತಾರೆ. ಪಾತ್ರದ ಹೆಸರು ಕಾರ್ಲೋಸ್ ಪಾಯೆಸ್ ವಿಲಾರೋ. ಆ ಪಾತ್ರ ಮಾಡಿದವರು ಅವರ ಮಗ ಕಾರ್ಲಿತೋಸ್ ಪಾಯೆಸ್, ಬದುಕಿ ಬಂದ 16 ಜನರಲ್ಲಿ ಒಬ್ಬರು. ಓದುವ ಪಟ್ಟಿಯಲ್ಲಿ ಅವರದೇ ಹೆಸರಿದೆ.

'83' (2021) ಸಿನಿಮಾದಲ್ಲಿ ಲಾಲಾ ಅಮರನಾಥ್ ಪಾತ್ರವಿದೆ. ಮಾಡಿದವರು ಅವರ ಮಗ, 1983ರ ವಿಶ್ವಕಪ್ ಫೈನಲ್ಲಿನ ಪಂದ್ಯಶ್ರೇಷ್ಠ ಮೊಹಿಂದರ್ ಅಮರನಾಥ್.

ಒಂದು ಎಡಪುಟ, ಒಂದು ಬಲಪುಟ. ಎರಡರಲ್ಲೂ ಮಗ ವಯಸ್ಸಾದ ಮೇಲೆ ಅಪ್ಪನ ಬಟ್ಟೆ ತೊಟ್ಟು, ತನಗಾಗಿ ಕಾಯುತ್ತಾನೆ.

7

'ಕಾಸ್ಟ್ ಅವೇ'ಗೆ ಟಾಮ್ ಹ್ಯಾಂಕ್ಸ್ ಮೊದಲು ದಪ್ಪಗಾದರು. ಆ ಭಾಗ ಮುಗಿದ ಮೇಲೆ ಸುಮಾರು ಒಂದು ವರ್ಷ ಚಿತ್ರೀಕರಣ ನಿಂತಿತು, ಅವರು ಇಳಿಯಲೆಂದು. ಆ ಬಿಡುವಿನಲ್ಲಿ ನಿರ್ದೇಶಕ ರಾಬರ್ಟ್ ಜೆಮೆಕಿಸ್ ಇನ್ನೊಂದು ಸಿನಿಮಾ ತೆಗೆದರು.

'ದಂಗಲ್'ಗೆ (2016) ಆಮಿರ್ ಖಾನ್ ಕೂಡ ಮೊದಲು ದಪ್ಪಗಾದರು. ವಯಸ್ಸಾದ ಅಪ್ಪನ ಭಾಗ ಮೊದಲು, ಯುವಕನ ಭಾಗ ನಂತರ.

ಒಬ್ಬ ನಟ ಸಾವಿನ ಹತ್ತಿರ ಹೋಗಲು ಇಳಿದ. ಇನ್ನೊಬ್ಬ ಯೌವನಕ್ಕೆ ಮರಳಲು ಇಳಿದ.

8

ದ್ವೀಪದಲ್ಲಿ ಹ್ಯಾಂಕ್ಸ್ ಇರುವಷ್ಟು ಹೊತ್ತು ಹಿನ್ನೆಲೆ ಸಂಗೀತವಿಲ್ಲ. ದ್ವೀಪ ಬಿಟ್ಟು ಸಮುದ್ರಕ್ಕೆ ಇಳಿದ ಮೇಲೆ ಶುರುವಾಗುತ್ತದೆ. ಸಂಗೀತವಿಲ್ಲದೆ ಇರುವ ಆಟದ ಸಿನಿಮಾ ನಾನು ನೋಡಿಲ್ಲ. 'ಚಾರಿಯಟ್ಸ್ ಆಫ್ ಫೈರ್' (1981) 1924ರ ಒಲಿಂಪಿಕ್ಸ್ ಕಥೆ. ಓಡುವ ಹುಡುಗರ ಹಿಂದೆ ವ್ಯಾಂಜೆಲಿಸ್‌ರ ಸಿಂಥಸೈಜರ್. 1924ರಲ್ಲಿ ಆ ವಾದ್ಯವಿರಲಿಲ್ಲ. ಆದರೂ ಆ ಓಟಕ್ಕೆ ಬೇರೆ ಸದ್ದನ್ನು ಈಗ ಊಹಿಸಲು ಆಗುವುದಿಲ್ಲ.

9

ಪೆರುವಿನ ಸಿಯುಲಾ ಗ್ರಾಂದೆ ಪರ್ವತ, 1985. ಕಾಲು ಮುರಿದ ಜೋ ಸಿಂಪ್ಸನ್ ತೆವಳುತ್ತ ಕೆಳಗೆ ಬಂದರು. 'ಟಚಿಂಗ್ ದಿ ವಾಯ್ಡ್'ನಲ್ಲಿ (2003) ಅವರೇ ಹೇಳುತ್ತಾರೆ: ತೆವಳುವಾಗ ತಲೆಯಲ್ಲಿ ಬೋನಿ ಎಂ. ತಂಡದ ಹಾಡೊಂದು ನಿಲ್ಲದೆ ಸುತ್ತುತ್ತಿತ್ತು. ಇಷ್ಟದ ಹಾಡಲ್ಲ.

ಅದಕ್ಕೂ ಮೊದಲು ಜೊತೆಗಾರ ಸೈಮನ್ ಯೇಟ್ಸ್ ಇಬ್ಬರನ್ನೂ ಕಟ್ಟಿದ್ದ ಹಗ್ಗ ಕತ್ತರಿಸಿದ. ಕತ್ತರಿಸದಿದ್ದರೆ ಇಬ್ಬರೂ ಬೀಳುತ್ತಿದ್ದರು. ಸಿಂಪ್ಸನ್ ಆತನನ್ನು ದೂಷಿಸಲೇ ಇಲ್ಲ, ಎಲ್ಲ ಕಡೆ ಸಮರ್ಥಿಸಿಕೊಂಡರು. ಪರ್ವತಕ್ಕಿಂತ ಇದನ್ನೇ ನಾನು ಹೆಚ್ಚು ಯೋಚಿಸಿದ್ದೇನೆ.

10

'ಮಂಜುಮ್ಮೆಲ್ ಬಾಯ್ಸ್'ನಲ್ಲಿ ಹಗ್ಗ ಮೊದಲು ಆಟದ ಸಾಮಾನು. ಕೊಡೈಕೆನಾಲಿನ ಗುಣಾ ಗುಹೆಯಲ್ಲಿ ಸುಭಾಷ್ ಬಿದ್ದ ಮೇಲೆ ಅದೇ ಹಗ್ಗ ಬೇರೆ. ಕುಟ್ಟನ್ ಅದನ್ನು ಕಟ್ಟಿಕೊಂಡು ಇಳಿಯುತ್ತಾನೆ. ಮೇಲಿಂದ ಎಳೆಯುವವರಿಗೆ ಎಳೆಯುವುದು ಗೊತ್ತು: ಕಾಲು ಎಲ್ಲಿ ಊರಬೇಕು, ಯಾವಾಗ ಉಸಿರು ಬಿಡಬೇಕು.

ಹಗ್ಗಜಗ್ಗಾಟದಲ್ಲಿ ಎದುರು ತುದಿಯಲ್ಲಿ ಎದುರಾಳಿ ಇರುತ್ತಾನೆ.

ಬೆಂಗಳೂರಿನ ಚಿತ್ರಮಂದಿರದಲ್ಲಿ, 'ಗುಣಾ' (1991) ಸಿನಿಮಾದ ಇಳಯರಾಜ ಹಾಡು ಬಂದಾಗ ಮುಂದಿನ ಸಾಲಿನ ಹುಡುಗರು ಎದ್ದು ನಿಂತರು. ಆ ಹಾಡು ಬಂದಾಗ ಅವರಲ್ಲಿ ಯಾರೂ ಹುಟ್ಟಿದ್ದಿಲ್ಲ ಎನಿಸಿತು. ಪಕ್ಕದ ಹೆಂಗಸು ಕಣ್ಣೊರೆಸಿಕೊಂಡರು, ಮಗುವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

11

'ಟ್ರ್ಯಾಪ್ಡ್' (2017). ಮುಂಬೈಯ ಖಾಲಿ ಕಟ್ಟಡ, ಎತ್ತರದ ಫ್ಲ್ಯಾಟು, ಬಾಗಿಲಿಗೆ ಬೀಗ ಬಿದ್ದಿದೆ. ನೀರಿಲ್ಲ, ಕರೆಂಟಿಲ್ಲ. ಕೆಳಗೆ ರಸ್ತೆ ಕಾಣುತ್ತದೆ, ಜನ ಕಾಣುತ್ತಾರೆ. ಎಷ್ಟು ಕೂಗಿದರೂ ಯಾರಿಗೂ ಕೇಳಿಸುವುದಿಲ್ಲ. ಕಟ್ಟಡದ ಹೆಸರು 'ಸ್ವರ್ಗ'.

ಆಟದ ಸಿನಿಮಾದಲ್ಲಿ ತುಂಬಿದ ಮೈದಾನದ ಗದ್ದಲದ ನಡುವೆ ಕೋಚ್ ಪಿಸುಗುಟ್ಟಿದ್ದೂ ಆಟಗಾರ್ತಿಗೆ ಕೇಳಿಸುತ್ತದೆ.

12

'ದಂಗಲ್' ಕೊನೆಯಲ್ಲಿ ಅಪ್ಪನನ್ನು ಕೋಣೆಯೊಂದರಲ್ಲಿ ಕೂಡಿಹಾಕುತ್ತಾರೆ. ಮಗಳು ಗೆದ್ದದ್ದು ಅವನಿಗೆ ತಿಳಿಯುವುದು ರಾಷ್ಟ್ರಗೀತೆ ಕೇಳಿ. ಬಲಪುಟದ ಸಿನಿಮಾದೊಳಗೆ ಎಡಪುಟದ ಒಂದು ಕೋಣೆ. ನಿಜದಲ್ಲಿ ಯಾರೂ ಅವರನ್ನು ಕೂಡಿಹಾಕಿರಲಿಲ್ಲ. ಫೈನಲ್ ಕೂಡ ಕೊನೆಯ ಕ್ಷಣದವರೆಗೆ ಎಳೆದಿರಲಿಲ್ಲ: 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದ ಕುಸ್ತಿಯಲ್ಲಿ ಗೀತಾ ಫೋಗಟ್ 1-0, 7-0ರಿಂದ ಸುಲಭವಾಗಿ ಗೆದ್ದರು.

ಹರಿಯಾಣದ ಹಳ್ಳಿಯ ಹುಡುಗಿ 7-0 ಗೆಲ್ಲುವುದು ಸಿನಿಮಾಕ್ಕೆ ಏಕೆ ಸಾಲುವುದಿಲ್ಲ? ನನಗೆ ಸಾಲುತ್ತದೆ.

13

'ಭಾಗ್ ಮಿಲ್ಖಾ ಭಾಗ್' (2013). ಶೀರ್ಷಿಕೆ ಕೋಚ್ ಹೇಳುವ ಮಾತಷ್ಟೇ ಅಲ್ಲ. ದೇಶ ವಿಭಜನೆಯ ಕೊಲೆಗಳ ನಡುವೆ ಅಪ್ಪ ಮಗನಿಗೆ ಕೂಗಿ ಹೇಳುವ ಮಾತು.

ಸಿನಿಮಾ ಆರಂಭವಾಗುವುದು 1960ರ ರೋಮ್ ಒಲಿಂಪಿಕ್ಸ್‌ನ 400 ಮೀಟರ್ ಓಟದಿಂದ. ಮಿಲ್ಖಾ ನಾಲ್ಕನೆಯವರು. ಮುಗಿಯುವುದು ಲಾಹೋರಿನ ಗೆಲುವಿನಿಂದ. ಚರಿತ್ರೆಯಲ್ಲಿ ಲಾಹೋರ್ ಮೊದಲು, ರೋಮ್ ನಂತರ.

14

ಸೋಲಿನಲ್ಲಿ ಮುಗಿಯುವ ಸಿನಿಮಾ: 'ರಾಕಿ' (1976). ತೀರ್ಪುಗಾರರ ಅಂಕ ಓದುತ್ತಿದ್ದಾರೆ, ಅವನು ಕೇಳುತ್ತಲೇ ಇಲ್ಲ, ಗೆಳತಿ ಏಡ್ರಿಯನ್ ಹೆಸರು ಕೂಗುತ್ತಿದ್ದಾನೆ. ಅವನಿಗೆ ಬೇಕಿದ್ದದ್ದು ಹದಿನೈದು ಸುತ್ತು ಮುಗಿಯುವವರೆಗೆ ನಿಂತಿರುವುದು. ಇದು ಯಾವ ಪುಟಕ್ಕೆ?

15

ಎರಿಕ್ ಲಿಡೆಲ್ ಭಾನುವಾರ ಓಡುವುದಿಲ್ಲ ಎಂದರು, 400 ಮೀಟರಿನಲ್ಲಿ ಚಿನ್ನ ಗೆದ್ದರು. 'ಚಾರಿಯಟ್ಸ್ ಆಫ್ ಫೈರ್' ಅಲ್ಲಿಗೆ ನಿಲ್ಲುತ್ತದೆ. ಅವರು ಮತಪ್ರಚಾರಕರಾಗಿ ಚೀನಾಕ್ಕೆ ಹೋದದ್ದು, 1945ರಲ್ಲಿ ಜಪಾನೀಯರ ಬಂಧನ ಶಿಬಿರದಲ್ಲಿ ತೀರಿಕೊಂಡದ್ದು ಕೊನೆಯ ಅಕ್ಷರಗಳಿಗೆ ಸೇರಿದ ವಿಷಯ.

ಲೂಯಿ ಜಾಂಪೆರಿನಿ 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ 5000 ಮೀಟರ್ ಓಡಿದರು. 1943ರಲ್ಲಿ ವಿಮಾನ ಪೆಸಿಫಿಕ್‌ಗೆ ಬಿತ್ತು. ತೆಪ್ಪದ ಮೇಲೆ 47 ದಿನ, ನಂತರ ಜಪಾನೀಯರ ಸೆರೆ. 'ಅನ್‌ಬ್ರೋಕನ್' (2014) ಅಷ್ಟನ್ನೂ ತೋರಿಸುತ್ತದೆ. 1998ರ ನಾಗಾನೋ ಚಳಿಗಾಲದ ಒಲಿಂಪಿಕ್ಸ್‌ಗೆ ಅವರು ಜಪಾನಿನಲ್ಲಿ ಜ್ಯೋತಿ ಹಿಡಿದು ಓಡಿದರು. ವಯಸ್ಸು ಎಂಬತ್ತು ದಾಟಿತ್ತು.

16

ಇಬ್ಬರು ಈಜುಗಾರ್ತಿಯರು.

ಡಯಾನಾ ನಯಾಡ್, 64 ವರ್ಷ, 2013ರಲ್ಲಿ ಕ್ಯೂಬಾದಿಂದ ಫ್ಲಾರಿಡಾಕ್ಕೆ ಈಜಿದರು ('ನಯಾಡ್', 2023). ನಿಯಮ: ಪಕ್ಕದಲ್ಲೇ ಬರುವ ದೋಣಿಯನ್ನು ಹಿಡಿಯುವಂತಿಲ್ಲ.

ಸಿರಿಯಾದ ಯುಸ್ರಾ ಮರ್ದಿನಿ, 2015ರಲ್ಲಿ ಏಜಿಯನ್ ಸಮುದ್ರದಲ್ಲಿ ('ದಿ ಸ್ವಿಮ್ಮರ್ಸ್', 2022). ಆರೇಳು ಜನ ಹಿಡಿಸುವ ರಬ್ಬರ್ ದೋಣಿಯಲ್ಲಿ ಸುಮಾರು 20 ಜನ. ಎಂಜಿನ್ ನಿಂತಿತು. ಅಕ್ಕತಂಗಿ ನೀರಿಗೆ ಇಳಿದು ದೋಣಿಯ ಹಗ್ಗ ಹಿಡಿದು ಗಂಟೆಗಟ್ಟಲೆ ಈಜಿದರು. ಮುಂದಿನ ವರ್ಷ ರಿಯೋದಲ್ಲಿ ಯುಸ್ರಾ ನಿರಾಶ್ರಿತರ ತಂಡದಿಂದ ಈಜಿದರು, ಬಟರ್‌ಫ್ಲೈ. ಅಲ್ಲಿ ಎರಡೂ ಕೈ ಒಟ್ಟಿಗೆ ಎತ್ತಬೇಕು.

17

ಥಾಮ್ ಲುವಾಂಗ್. 'ಥರ್ಟೀನ್ ಲೈವ್ಸ್' (2022) ಸಿನಿಮಾದಿಂದ ಬರೆದುಕೊಂಡದ್ದೇ ಹೆಚ್ಚು.

2018ರ ಜೂನ್ 23. ಅಭ್ಯಾಸ ಮುಗಿಸಿದ 12 ಹುಡುಗರು ಮತ್ತು 25ರ ಕೋಚ್. ಸೈಕಲ್ಲುಗಳನ್ನು ಗುಹೆಯ ಬಾಯಲ್ಲಿ ಬಿಟ್ಟು ಒಳಗೆ ಹೋದರು. ಮಳೆ ಬಂತು. ಮುಳುಗುಗಾರರು ಜುಲೈ 2ರಂದು ಅವರನ್ನು ಕಂಡಾಗ ಕೇಳಿದ ಮೊದಲ ಪ್ರಶ್ನೆ, ಎಷ್ಟು ಜನ ಇದ್ದೀರಿ ಎಂದು.

ಹುಡುಗರಿಗೆ ಈಜು ಸಾಲದು. ಎಚ್ಚರವಿದ್ದರೆ ನೀರೊಳಗೆ ಗಾಬರಿಯಾಗಿ ಸಾಯುತ್ತಾರೆ. ಆದ್ದರಿಂದ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯ ರಿಚರ್ಡ್ ಹ್ಯಾರಿಸ್ ಅವರಿಗೆ ಪ್ರಜ್ಞೆ ತಪ್ಪಿಸಿದರು. ಒಬ್ಬೊಬ್ಬರನ್ನೇ ಹೊತ್ತು ತಂದರು. ಜುಲೈ 10ಕ್ಕೆ ಎಲ್ಲರೂ ಹೊರಗೆ. ಗೆದ್ದ ತಂಡಕ್ಕೆ ಗೆದ್ದ ಹೊತ್ತಿನಲ್ಲಿ ಪ್ರಜ್ಞೆ ಇರಲಿಲ್ಲ.

ಥಾಯ್ ನೌಕಾಪಡೆಯ ನಿವೃತ್ತ ಮುಳುಗುಗಾರ ಸಮಾನ್ ಕುನನ್ ಗುಹೆಯೊಳಗೆ ಗಾಳಿ ತುಂಬಿದ ಸಿಲಿಂಡರ್ ಇಟ್ಟು ಮರಳುವಾಗ ತೀರಿಕೊಂಡರು. ಕೆಲಸ ಬಿಟ್ಟಿದ್ದವರು, ಸ್ವಂತ ಇಚ್ಛೆಯಿಂದ ಬಂದಿದ್ದರು.

ಬೆಟ್ಟದ ಮೇಲಿನ ನೀರು ಗುಹೆಗೆ ಇಳಿಯದಂತೆ ಬೇರೆ ಕಡೆ ತಿರುಗಿಸಬೇಕಿತ್ತು, ಒಳಗಿನದನ್ನು ಪಂಪು ಹಚ್ಚಿ ಹೊರಹಾಕಬೇಕಿತ್ತು. ಆ ನೀರೆಲ್ಲ ಹೋಗಿದ್ದು ಕೆಳಗಿನ ಭತ್ತದ ಗದ್ದೆಗಳಿಗೆ. ಸಿನಿಮಾದಲ್ಲಿ ರೈತರನ್ನು ಕೇಳುವ ದೃಶ್ಯವಿದೆ. ಬೆಳೆ ಹೋಗುತ್ತದೆ ಎಂದು ಅವರಿಗೆ ಹೇಳುತ್ತಾರೆ. ಮಕ್ಕಳಿಗಾಗಿ ತಾನೆ, ಬಿಡಿ ಎನ್ನುತ್ತಾರೆ. ದೃಶ್ಯ ಬಹಳ ಹೊತ್ತು ಇಲ್ಲ. ನಾಟಿ ಮಾಡಿದ ಗದ್ದೆ ಮುಳುಗುವುದನ್ನು ಕಂಡವರಿಗೆ ಅದು ಎಷ್ಟು ದೊಡ್ಡ ಮಾತೆಂದು ಗೊತ್ತು. ನಿರ್ದೇಶಕ ರಾನ್ ಹವರ್ಡ್ ಅಲ್ಲಿ ಇನ್ನೂ ನಾಲ್ಕು ನಿಮಿಷ ನಿಲ್ಲಬೇಕಿತ್ತು.

ಆ ವರ್ಷದ ಫುಟ್‌ಬಾಲ್ ವಿಶ್ವಕಪ್ ಫೈನಲ್ ಜುಲೈ 15ಕ್ಕೆ, ಮಾಸ್ಕೋದಲ್ಲಿ. ಫಿಫಾ ಹುಡುಗರನ್ನು ಕರೆದಿತ್ತು. ಅವರು ಆಸ್ಪತ್ರೆಯಲ್ಲಿದ್ದರು.

18

ಖೋ-ಖೋ ಮೇಲೆ ಕನ್ನಡದಲ್ಲಿ ಒಂದು ಸಿನಿಮಾ ಬಂತು, 'ಗುರು ಶಿಷ್ಯರು' (2022), ಶರಣ್ ಪಿ.ಟಿ. ಮೇಷ್ಟ್ರು. ಹಳ್ಳಿ ಶಾಲೆಯ ಅಂಗಳ, ಎರಡು ಕಂಬ, ಮಣ್ಣು. ಬೆನ್ನಟ್ಟುವ ತಂಡದ ಒಂಬತ್ತು ಜನರಲ್ಲಿ ಎಂಟು ಜನ ಕುಕ್ಕರಗಾಲಲ್ಲಿ ಕೂತಿರುತ್ತಾರೆ, ಒಬ್ಬ ಈ ಕಡೆ ಮುಖ, ಒಬ್ಬ ಆ ಕಡೆ. ಬೆನ್ನಿಗೆ ತಟ್ಟಿ ಖೋ ಎನ್ನುವವರೆಗೆ ಏಳುವಂತಿಲ್ಲ. ಕ್ಯಾಮೆರಾ ಓಡುವವನ ಹಿಂದೆ ಹೋಗುತ್ತದೆ. ನನ್ನ ಕಣ್ಣು ಕೂತವರ ಮೇಲೆ.

19

ಫಲಿತಾಂಶ ಮೊದಲೇ ಗೊತ್ತಿರುತ್ತದೆ. '127 ಅವರ್ಸ್' (2010) ಏರನ್ ರಾಲ್ಸ್ಟನ್ ತಾನೇ ಬರೆದ ಪುಸ್ತಕದಿಂದ ಬಂದದ್ದು, ಬದುಕದಿದ್ದರೆ ಪುಸ್ತಕವಿಲ್ಲ. 1983ರ ವಿಶ್ವಕಪ್ ಯಾರು ಗೆದ್ದರೆಂದು ಬೀದಿಯ ಮಕ್ಕಳಿಗೂ ಗೊತ್ತು. ಆದರೂ ಕೈ ಕುರ್ಚಿಯನ್ನು ಬಿಗಿ ಹಿಡಿಯುತ್ತದೆ.

20

ಟನ್‌ಬ್ರಿಜ್ ವೆಲ್ಸ್, 1983ರ ಜೂನ್ 18. ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್. ಕಪಿಲ್ ದೇವ್ ಔಟಾಗದೆ 175. ಆ ದಿನದ ಆಟದ ದೃಶ್ಯದ ದಾಖಲೆ ಇಲ್ಲ. ಮೈದಾನದಲ್ಲಿ ಇದ್ದವರಷ್ಟೇ ಕಂಡರು. ಆಂಡಿಸ್‌ನಲ್ಲೂ ಸಮುದ್ರದಲ್ಲೂ ಹೀಗೆಯೇ, ಇದ್ದವರಷ್ಟೇ ಕಂಡದ್ದು. '83' ಆ ಇನಿಂಗ್ಸನ್ನು ಮತ್ತೆ ಕಟ್ಟಿತು, ರಣವೀರ್ ಸಿಂಗ್ ಬ್ಯಾಟಿನಲ್ಲಿ.

ಅಂದು ಕಪಿಲ್ ಜೊತೆ ನಿಂತವರಲ್ಲಿ ಇಬ್ಬರು ಕರ್ನಾಟಕದ ಆಟಗಾರರು. ರೋಜರ್ ಬಿನ್ನಿ 22 ಹೊಡೆದು, ಮೊತ್ತವನ್ನು 17ರಿಂದ 77ಕ್ಕೆ ತಲುಪಿಸುವಲ್ಲಿ ಜೊತೆಯಾದರು. ಎಂಟು ವಿಕೆಟ್ 140ಕ್ಕೆ ಬಿದ್ದ ಮೇಲೆ ಸಯ್ಯದ್ ಕಿರ್ಮಾನಿ ಬಂದರು. ಮುರಿಯದ ಒಂಬತ್ತನೆಯ ವಿಕೆಟ್ಟಿಗೆ 126. ಅದರಲ್ಲಿ ಕಿರ್ಮಾನಿಯವರದು ಔಟಾಗದೆ 24. ಕಪಿಲ್ ನಂತರ ಆ ದಿನ ಭಾರತದ ಪರ ಅತಿ ಹೆಚ್ಚು ರನ್ ಅದೇ. ಭಾರತ 8ಕ್ಕೆ 266, ಗೆಲುವು 31 ರನ್ನಿನಿಂದ.

ಆ 126 ರನ್ನನ್ನು ಪೂರ್ತಿ ಕಿರ್ಮಾನಿ ನಿಂತ ತುದಿಯಿಂದ ತೋರಿಸುವ ಸಿನಿಮಾ ಬಂದರೆ ಮೊದಲ ದಿನವೇ ಹೋಗುತ್ತೇನೆ. ಸಿಕ್ಸರುಗಳು ಕಡಿಮೆ ಇದ್ದರೂ ಆದೀತು. ಕಿರ್ಮಾನಿ ಓಡಿದ ಒಂಟಿ ರನ್ನುಗಳು ಒಂದೂ ಬಿಡದೆ ಇರಬೇಕು.